ಕಿಂಡಿ ಮುಚ್ಚಿ ಫ್ಯಾನು ಹಾಕಿದೆವು

ಹಳೇ ಕಾಗದ ಇರೋ ಕಡೆಗೆ ಗೆದ್ದಲು ಕರೆಯದೇ ಬರುತ್ತೆ. ನಗೆಪಾಟಲೂ ಹಾಗೇ. ರಾಬರ್ಟ್‌ಸನ್‌ಪೇಟೆಯ ಹಳೇ ದಾಖಲೆ ಕಚೇರಿಯಲ್ಲಿ ನಾನು ರೆಕಾರ್ಡ್ ಕೀಪರ್ ಆಗಿ ಕೂತಿದ್ದಷ್ಟು ವರ್ಷವೂ ಇಂಥದ್ದು ತಿಂಗಳಿಗೊಂದಾದರೂ ಆಗ್ತಾನೇ ಇತ್ತು. ಸಾಯಂಕಾಲದ ರೈಲಿಗೆ ಬಂಗಾರಪೇಟೆಯ ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, "ಅದೆಲ್ಲ ಸರಿ, ಕೆಲಸ ಯಾವಾಗ ಮಾಡ್ತೀರಿ?" ಅಂತ ಕೇಳೋರು. ನನಗೆ ಕೋಪ ಬರೋದು. ಕೋಪ ನನಗೆ ಬೇಗ ಬರುತ್ತೆ, ಅದನ್ನ ಮೊದಲೇ ಹೇಳಿಬಿಡ್ತೀನಿ.

ನಮ್ಮ ಕಚೇರಿ ಬಿಳಿಯರ ಕಾಲದ ಕಟ್ಟಡ. ಕಲ್ಲಿನ ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯ ಗೂಡಲ್ಲಿ ಒಬ್ಬರು ಆರಾಮಾಗಿ ಮಲಗಬಹುದು. ನಮ್ಮ ದಫ್ತರಿ ಮಲಗಿದ್ದೂ ಉಂಟು. ಎತ್ತರದ ಸೂರು, ಸೂರಿನ ಕೆಳಗೆ ಗೋಡೆಯ ಸುತ್ತಲೂ ಊಟದ ತಟ್ಟೆಯಷ್ಟು ಅಗಲದ ಎಂಟು ದುಂಡು ಕಿಂಡಿ. ಅವು ಯಾಕಿವೆ ಅಂತ ನಾವು ಯೋಚನೆ ಮಾಡಿರಲಿಲ್ಲ. ಚಂದಕ್ಕೆ ಇರಬೇಕು ಅಂದುಕೊಂಡಿದ್ದೆವು.

ಇದ್ದವರು ಮೂರೇ ಜನ. ಸಾಹೇಬರು, ನಾನು, ಮತ್ತೆ ಕಟ್ಟು ಬಿಚ್ಚಿ ಕಟ್ಟು ಕಟ್ಟೋ ದಫ್ತರಿ. ದಫ್ತರಿ ಆಂಡರ್ಸನ್‌ಪೇಟೆಯವನು, ಅವನ ತಾತನ ಕಾಲದಿಂದ ಮನೆಯವರೆಲ್ಲ ನಮ್ಮೂರ ಚಿನ್ನದ ಗಣಿಯಲ್ಲಿ ದುಡಿದವರು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಮಾತಲ್ಲಿ ಕಲಸಿ ಬಡಿಸೋನು. ನಾನೀಗ ಹೇಳೋದೆಲ್ಲ ಎಂಬತ್ತರ ದಶಕದ ಒಂದು ಬೇಸಿಗೆಯಿಂದ ಮುಂದಿನ ಬೇಸಿಗೆವರೆಗೆ ಆಗಿದ್ದು.

೧. ಪಾರಿವಾಳ

ಆ ಬೇಸಿಗೆಯಲ್ಲಿ ಚಿನ್ನ ತೆಗೆದು ಮಿಕ್ಕ ಪುಡಿ ಸುರಿದ ಗಣಿಯ ಸೈನೇಡ್ ದಿಬ್ಬಗಳ ಕಡೆಯಿಂದ ಗಾಳಿ ಬೀಸಿತು ಅಂದರೆ ಬಿಳೀ ದೂಳು ಕಿಂಡಿಯಿಂದ ಇಳಿದು ನನ್ನ ಮೇಜಿನ ಮೇಲೆ, ಸಾಹೇಬರ ಕಾಫಿಯ ಮೇಲೆ ಕೂರೋದು. ದೂಳಿನ ಹಿಂದೆ ಪಾರಿವಾಳ. ಒಂದು ದಿನ ಸಾಹೇಬರ ಬೋಳು ತಲೆಯ ಮೇಲೆ ಪಾರಿವಾಳ ತನ್ನ ಕೆಲಸ ಮುಗಿಸಿ ಹೋಯಿತು. "ಎಲ್ಲಾ ಕಿಂಡಿ ಮುಚ್ಚಿಸಿ" ಅಂತ ಅಲ್ಲೇ ಅಪ್ಪಣೆ ಆಯ್ತು.

ದಫ್ತರಿ ಕುಳ್ಳ. ಏಣಿಯ ಕೊನೇ ಮೆಟ್ಟಿಲಲ್ಲಿ ನಿಂತರೂ ಕಿಂಡಿಗೆ ಕೈ ಎಟುಕಲಿಲ್ಲ. ಆಗ ಗೋಡೆ ಪಕ್ಕದ ಬೆಂಚಿನಿಂದ ಒಬ್ಬ ಎದ್ದು ನಿಂತ. ಬೂದಿಕೋಟೆ ಕಡೆ ಹಳ್ಳಿಯ ರೈತ. ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕೋನು, ಆರಡಿ ಆಳು. ಆಯಪ್ಪ ಆಗ ಮೂರು ಸೋಮವಾರದಿಂದ ನಮ್ಮಲ್ಲಿಗೆ ಬರ್ತಿದ್ದ. ಅಪ್ಪ ತೋಡಿಸಿದ ಬಾವಿಗೆ ಕರೆಂಟ್ ಪಂಪು ಹಾಕಿಸಬೇಕಿತ್ತು. ಕರೆಂಟ್ ಆಫೀಸಿನವರು, ಬಾವಿ ನಿಮ್ಮಪ್ಪಂದೇ ಅನ್ನೋದಕ್ಕೆ ಹಳೇ ಬಾವಿ ರಿಜಿಸ್ಟರಿನ ನಕಲು ತಾ ಅಂದಿದ್ದರು. ತಾಲ್ಲೂಕಿನ ಹಳೇ ರಿಜಿಸ್ಟರುಗಳನ್ನೆಲ್ಲ ಅಲ್ಲಿ ಜಾಗ ಇಲ್ಲ ಅಂತ ನಮ್ಮಲ್ಲಿ ತಂದು ಸುರಿದಿದ್ದರು. ಅದೊಂದು ಕಾಗದ ಸಿಗೋವರೆಗೂ ಆಯಪ್ಪ ಎತ್ತು ಕಟ್ಟಿ ಕಪಿಲೆಯಲ್ಲೇ ನೀರು ಎತ್ತಬೇಕು. ಎತ್ತಿಗೋ ವಯಸ್ಸಾಗಿತ್ತು.

"ನಾನ್ ಏರ್ತೀನಿ ಬುಡಿ ಮೇಡಮ್ನೋರೆ. ತೆಂಗಿನ್ ಮರ ಏರೋನ್ಗೆ ಇದ್ಯಾವ ಲೆಕ್ಕ" ಅಂದ.

ಏರಿದ. ನಾವು ಕೆಳಗಿಂದ ಗೋಣಿ, ರಟ್ಟು, ಹಳೇ ಕ್ಯಾಲೆಂಡರು ಕೊಡ್ತಾ ಹೋದೆವು, ಆಯಪ್ಪ ತುರುಕುತ್ತಾ ಹೋದ. ಏಳು ಕಿಂಡಿ ಮುಚ್ಚೋ ಹೊತ್ತಿಗೆ ತುರುಕೋ ಸಾಮಾನು ಮುಗಿಯಿತು. ಮೂಲೆಯಲ್ಲಿ ಒಂದು ಕಟ್ಟು ಬಿದ್ದಿತ್ತು. ಮೇಲಿನ ರಟ್ಟನ್ನ ಗೆದ್ದಲು ತಿಂದು ಹೆಸರೂ ಇಲ್ಲ, ನಂಬರೂ ಇಲ್ಲ. "ಇದು ಯಾರ್ದೂ ಅಲ್ಲ ಮೇಡಂ" ಅಂದ ದಫ್ತರಿ. ಯಾವ ಕಟ್ಟನ್ನೂ ಎಸೆಯಬಾರದು ಅನ್ನೋದು ನಮ್ಮಲ್ಲಿ ನಿಯಮ. ಎಸೀತಿಲ್ಲವಲ್ಲ, ಮೇಲಿಡ್ತಾ ಇದ್ದೀವಿ ಅಂತ ನಾನೇ ತಲೆ ಆಡಿಸಿದೆ. ಆಯಪ್ಪ ಎಂಟನೇ ಕಿಂಡಿಗೆ ಅದನ್ನ ಒತ್ತಿ, ಅಂಗೈಯಲ್ಲಿ ನಾಲ್ಕು ಗುದ್ದು ಗುದ್ದಿ ಇಳಿದ. ಅಷ್ಟು ಬಿಗಿಯಾಗಿ ನಮ್ಮ ಕಚೇರಿಯಲ್ಲಿ ಯಾವ ಕೆಲಸವೂ ಆಗಿರಲಿಲ್ಲ.

ಎಲ್ಲರೂ ಕೈ ಒರೆಸಿಕೊಂಡು ಕೂತೆವು. ಆಗ ಬೀರುವಿನ ಮೇಲಿಂದ ಗುಟುರ್ ಗುಟುರ್ ಅಂತ ಕೇಳಿಸಿತು. ಹೋಗೋ ದಾರಿ ಎಂಟನ್ನೂ ಮುಚ್ಚಿದ್ದೆವು, ಪಾರಿವಾಳ ಒಳಗೇ ಉಳಿದಿತ್ತು. ಸಾಹೇಬರು ನನ್ನ ಮುಖ ನೋಡಿದರು. ನಾನು ದಫ್ತರಿಯ ಮುಖ ನೋಡಿದೆ.

ದಫ್ತರಿ ಅಂದ, "ಪರವಾ ಇಲ್ಲ ಸಾರ್. ಇಷ್ಟು ದಿನ ಬಂದು ಹೋಗ್ತಾ ಇತ್ತು. ಇನ್ಮೇಲೆ ಪರ್ಮನೆಂಟು."

೨. ಸುತ್ತೋಲೆ

ಕಿಂಡಿ ಮುಚ್ಚಿದ ಮೇಲೆ ದೂಳು ನಿಂತಿತು. ಪಾರಿವಾಳವನ್ನ ಮೂರು ದಿನ ಅಟ್ಟಿ ಬಾಗಿಲಿಂದ ಆಚೆ ಕಳಿಸಿದ್ದೂ ಆಯ್ತು. ಆದರೆ ಕೋಣೆ ಕತ್ತಲಾಯಿತು, ಸಾಲದ್ದಕ್ಕೆ ಇಡ್ಲಿ ಪಾತ್ರೆಯ ಹಾಗೆ ಬೇಯತೊಡಗಿತು. ಅಲ್ಲಿವರೆಗೂ ಹಗಲು ಹೊತ್ತು ದೀಪ ಹಾಕಿದವರಲ್ಲ ನಾವು. ಈಗ ನಾಲ್ಕು ಟ್ಯೂಬ್‌ಲೈಟು ಬಂದವು, ಎರಡು ದೊಡ್ಡ ಫ್ಯಾನು ಬಂದವು. ಹತ್ತಕ್ಕೆ ಹಾಕಿದರೆ ಐದೂವರೆಗೆ ಆರಿಸೋದು. ಫ್ಯಾನಿನ ಗಾಳಿಗೆ ಹಳೇ ಕಾಗದ ಹಾರಾಡಿ ಅದನ್ನ ಹಿಡಿಯೋದೇ ಅರ್ಧ ದಿನದ ಕೆಲಸ. ಮೀಟರಿನ ಚಕ್ರ ಜಾತ್ರೆಯ ತಿರುಗಣೆ ಥರ ಸುತ್ತುತ್ತಿತ್ತು.

ದಸರಾ ಕಳೆದ ಮೇಲೆ ಮೇಲಿನಿಂದ ಸುತ್ತೋಲೆ ಬಂತು. ರಾಜ್ಯದಲ್ಲಿ ವಿದ್ಯುತ್ ಕೊರತೆ ಇದೆ, ಹಳೇ ಸರ್ಕಾರಿ ಕಟ್ಟಡಗಳಲ್ಲಿ ಪೋಲಾಗೋದು ಜಾಸ್ತಿ, ಆದ್ದರಿಂದ ಪ್ರತಿಯೊಬ್ಬರೂ ಕರೆಂಟು ಉಳಿಸತಕ್ಕದ್ದು, ಹಗಲಲ್ಲಿ ದೀಪ ಉರಿಸತಕ್ಕದ್ದಲ್ಲ. ಅವತ್ತು ಎರಡೇ ಲೈಟು ಹಾಕಿದ್ದೆವು. ಸಾಹೇಬರು ನಮ್ಮಿಬ್ಬರನ್ನೂ ಎದುರು ನಿಲ್ಲಿಸಿಕೊಂಡು ಕನ್ನಡಕ ಹಾಕಿ ಓದೋಕೆ ಶುರು ಮಾಡಿದರು. ಎರಡು ಸಾಲು ಓದಿ ತಡವರಿಸಿದರು. ಕಾಗದವನ್ನ ಹತ್ತಿರ ಹಿಡಿದರು, ದೂರ ಹಿಡಿದರು.

"ಏನ್ ಬರೆದಿದ್ದಾರೋ ಒಂದೂ ಕಾಣಲ್ಲ" ಅಂದರು. "ಆ ಇನ್ನೆರಡು ಲೈಟೂ ಹಾಕಯ್ಯಾ."

೩. ಶಾಶ್ವತ ದಾಖಲೆ

ಸುತ್ತೋಲೆ ಬಂದ ಮೇಲೆ ಏನಾದರೂ ಮಾಡಬೇಕಲ್ಲ. ನಾಲ್ಕರಲ್ಲಿ ಎರಡು ಟ್ಯೂಬ್‌ಲೈಟು ಬಿಚ್ಚಿಡಿ ಅಂತ ಸಾಹೇಬರು ಹೇಳಿದರು. ದಫ್ತರಿಗೆ ಇಪ್ಪತ್ತು ವರ್ಷದ ಅಭ್ಯಾಸ ಒಂದೇ. ಆ ಕೋಣೆಯಲ್ಲಿ ಏನಿದ್ದರೂ ಬಟ್ಟೆ ಸುತ್ತಬೇಕು, ಕೆಂಪು ದಾರ ಕಟ್ಟಬೇಕು, ನಂಬರು ಹಾಕಬೇಕು, ರ‍್ಯಾಕಿನಲ್ಲಿ ಸೇರಿಸಬೇಕು. ಎರಡು ಟ್ಯೂಬನ್ನೂ ಹಾಗೇ ಮಾಡಿದ. ಉದ್ದ ಇದ್ದವಲ್ಲ, ನಕ್ಷೆ ಇಡೋ ರ‍್ಯಾಕಿಗೆ ಸೇರಿಸಿ, ಮೇಲೆ "ಶಾಶ್ವತವಾಗಿ ಕಾಪಾಡತಕ್ಕದ್ದು" ಅಂತ ಮುದ್ರೆ ಒತ್ತಿದ. ನಾನು ನೋಡಿ ಸುಮ್ಮನಾದೆ. ಅವನ ಕೆಲಸದಲ್ಲಿ ತಪ್ಪು ಹಿಡಿಯೋಕೆ ನನಗೂ ನಿಯಮ ಸಿಗಲಿಲ್ಲ.

ತಿಂಗಳಾದ ಮೇಲೆ ಸಾಹೇಬರ ತಲೆಯ ಮೇಲಿನ ಟ್ಯೂಬು ಪಟಪಟ ಅಂದು ಸತ್ತುಹೋಯ್ತು. ಬಿಚ್ಚಿಟ್ಟಿದ್ದರಲ್ಲಿ ಒಂದು ಹಾಕು ಅಂದರು. ದಫ್ತರಿ ಕೈ ಕಟ್ಟಿ ನಿಂತ.

"ಸಾರ್, ಶಾಶ್ವತ ದಾಖಲೆ. ಅರ್ಜಿ ಇಲ್ದೆ ಕಟ್ಟು ಬಿಚ್ಚಂಗಿಲ್ಲ. ನೀವೇ ಬರೆಸಿರೋ ರೂಲು."

ರೂಲು ಅವರದೇ ಆಗಿದ್ದರಿಂದ ಸಾಹೇಬರು ಬಾಯಿ ಮುಚ್ಚಿಕೊಂಡು ಅರ್ಜಿ ಬರೆದರು. ಅದು ನನ್ನ ಮೇಜಿಗೆ ಬಂತು. ನನ್ನ ಮುಂದೆ ಆಗಲೇ ನಲವತ್ತು ಅರ್ಜಿ ಇದ್ದವು, ನಾನು ಸರದಿ ಪ್ರಕಾರ ಕೆಳಗಿಟ್ಟೆ. ಆಮೇಲೆ ನಂಬರು ಹುಡುಕಿದರೆ ದಫ್ತರಿ ಅದನ್ನ ಜನನ ಮರಣದ ಪುಸ್ತಕದಲ್ಲಿ ಬರೆದಿದ್ದ, ಮರಣದ ಕಾಲಂನಲ್ಲಿ. ಅಂತೂ ಎಂಟನೇ ದಿನಕ್ಕೆ ಟ್ಯೂಬು ಸಾಹೇಬರ ತಲೆ ಮೇಲೆ ಹತ್ತಿಕೊಂಡಿತು. ಅವರಿಗೆ ಸಿಟ್ಟು ನೆತ್ತಿಗೇರಿತ್ತು.

"ಒಂದು ದೀಪಕ್ಕೆ ಎಂಟು ದಿನವೇನ್ರೀ? ಇದು ಕಚೇರಿನೋ ಏನು?"

ಅವತ್ತು ಸೋಮವಾರ. ಬೆಂಚಿನ ಮೇಲಿಂದ ರೈತ ಮೆಲ್ಲಗೆ ಸಮಾಧಾನ ಹೇಳಿದ, "ಬುಡಿ ಸಾಮಿ. ನಿಮ್ದು ಬೇಗ್ನೆ ಸಿಕ್ತು."

೪. ಆರಿಸಿದ ಕರೆಂಟು

ಕರೆಂಟು ಉಳಿಸೋ ಮಾತು ಎತ್ತಿದರೆ ದಫ್ತರಿಗೆ ಅವಮಾನ ಆಗೋದು. "ಬೆಂಗಳೂರವರು ಸೀಮೆಎಣ್ಣೆ ದೀಪ ಹಚ್ಕೊಂಡಿದ್ದಾಗ ನಮ್ಮೂರಲ್ಲಿ ಕರೆಂಟು ಬಂದಾಯ್ತು ಮೇಡಂ. ಗಣಿಗೆ ಮೊದ್ಲು, ಆಮೇಲೆ ಅವ್ರಿಗೆ. ಅವ್ರು ಬಂದು ನಮ್ಗೆ ಸ್ವಿಚ್ ಆರಿಸೋದು ಸೊಲ್ಲಿ ಕೊಡ್ತಾರಾ?" ಅನ್ನೋನು. ಸೊಲ್ಲಿ ಕೊಡೋದು ಅಂದರೆ ತಮಿಳಲ್ಲಿ ಹೇಳಿಕೊಡೋದು. ಊರಿನ ಮರ್ಯಾದೆ ಕಾಪಾಡೋಕೆ ಅಂತ ಅವನು ಯಾರೂ ಇಲ್ಲದ ಕೋಣೆಯಲ್ಲೂ ಫ್ಯಾನು ಹಾಕಿಯೇ ಇಡ್ತಿದ್ದ.

ರೈತನದು ಇದಕ್ಕೆ ತದ್ವಿರುದ್ಧ. ಆಯಪ್ಪನ ಹೊಲದ ಮೇಲೇ ದೊಡ್ಡ ಲೈನಿನ ತಂತಿ ಹಾದು ಹೋಗಿತ್ತು, ಕೆಳಗೆ ಒಂದು ಹನಿಯೂ ಇಳಿದಿರಲಿಲ್ಲ. "ತಂತಿ ಮ್ಯಾಲೆ ಗಿಳಿ ಕೂತ್ಕತವೆ, ನಮ್ ರಾಗಿ ತಿಂತವೆ. ಕರೆಂಟ್ನಿಂದ ನಮ್ಗೆ ಆಗಿರೋ ಉಪ್ಕಾರ ಅಷ್ಟೇಯ" ಅನ್ನೋನು. ಸೋಮವಾರ ಬಂದ ಕೂಡಲೇ ಚಪ್ಪಲಿ ಹೊರಗೆ ಬಿಟ್ಟು, ಕೋಣೆಯಿಂದ ಕೋಣೆಗೆ ಹೋಗಿ ಬೇಡದ ಸ್ವಿಚ್ಚೆಲ್ಲ ಆರಿಸಿ ಬಂದು ಬೆಂಚಿನ ಮೇಲೆ ಕೂರೋನು. ಸುತ್ತೋಲೆ ಪಾಲಿಸಿದವನು ಅಂತ ನಮ್ಮಲ್ಲಿ ಇದ್ದವನು ಆಯಪ್ಪ ಒಬ್ಬನೇ, ಅವನೋ ಸರ್ಕಾರಿ ನೌಕರ ಅಲ್ಲ.

ಒಂದು ಸೋಮವಾರ ಬಹಳ ಸಪ್ಪಗೆ ಕೂತಿದ್ದ. ಏನಾಯ್ತಪ್ಪ ಅಂದೆ.

"ಓದ್ ವಾರ ಇಲ್ಲಿ ಮೂರ್ ಗಂಟೆ ಫ್ಯಾನ್ ಆರ್ಸಿದ್ದೆ ಮೇಡಮ್ನೋರೆ. ಆ ಕರೆಂಟು ಸಂಜಿಗಾದ್ರೂ ನಮ್ ಬಾವಿತಾವ ಬತ್ತದೆ ಅಂತ ಕಾದೆ. ಬರ್ಲೇ ಇಲ್ಲ."

ನನಗೆ ಪಾಪ ಅನ್ನಿಸಿತು. ಕೆಲಸ ಬಿಟ್ಟು, ಪೆನ್ಸಿಲ್ ತಗೊಂಡು, ಕಾಗದದ ಮೇಲೆ ತಂತಿ ಬರೆದು, ಕಂಬ ಬರೆದು, ಇಲ್ಲಿ ಆರಿಸಿದ್ದು ನೆಟ್ಟಗೆ ಅಲ್ಲಿಗೆ ಬರೋಲ್ಲ, ಮೊದಲು ನಿಮ್ಮ ಬಾವಿಗೆ ಕನೆಕ್ಷನ್ನು ಬೇಕು ಅಂತ ಮಗುವಿಗೆ ಹೇಳೋ ಹಾಗೆ ಬಿಡಿಸಿ ಹೇಳಿದೆ. ಆಯಪ್ಪ ಕೊನೇವರೆಗೂ ಗಮನ ಇಟ್ಟು ಕೇಳಿದ.

"ಗೊತ್ತು ಮೇಡಮ್ನೋರೆ" ಅಂದ. "ಬಾವಿ ಕಾಗ್ದ ಬರೋ ವಾರ ಸಿಕ್ತದೆ ಅಂತ ನೀವ್ ಏಳ್ತೀರಲ್ಲ, ಅದನ್ನ ನಾನ್ ನಂಬಲ್ವಾ? ಅಂಗೇ ಇದೂ ಒಂದು."

೫. ಮೇನ್ ಸ್ವಿಚ್

ಸಂಕ್ರಾಂತಿ ಆದ ಮೇಲೆ ಬೆಂಗಳೂರಿನಿಂದ ಒಬ್ಬ ಎಂಜಿನಿಯರು ಬಂದರು. ಹಳೇ ಕಟ್ಟಡಗಳಲ್ಲಿ ಕರೆಂಟು ಎಲ್ಲಿ ಪೋಲಾಗುತ್ತೆ ಅಂತ ಪರೀಕ್ಷೆ ಮಾಡೋರು. ವಯಸ್ಸು ಚಿಕ್ಕದು, ಪ್ಯಾಂಟಿನ ಇಸ್ತ್ರಿ ದೊಡ್ಡದು. ನಮ್ಮೂರಿಗೆ ಅದೇ ಮೊದಲ ಸಲ ಬಂದಿದ್ದು. ಮೀಟರಿನ ಮುಂದೆ ನಿಂತು, "ನಾನು ಮೇನ್ ಸ್ವಿಚ್ ಆರಿಸ್ತೀನಿ. ಆಮೇಲೂ ಚಕ್ರ ತಿರುಗಿದರೆ ಎಲ್ಲೋ ಸೋರ್ತಿದೆ ಅಂತ ಅರ್ಥ" ಅಂತ ವಿವರಿಸಿದರು. ಸರಿ ಅಂದೆವು.

ಎಂಜಿನಿಯರು ಹಿಡಿ ಹಿಡಿದು ಕೆಳಗೆ ಎಳೆದರೋ ಇಲ್ಲವೋ, ಧಡ್ ಅಂತ ಇಡೀ ಕಟ್ಟಡ ಅಲುಗಿತು. ಕಿಟಕಿ ಗಾಜು ನಡುಗಿದವು, ಸೂರಿನಿಂದ ಒಂದು ಹಿಡಿ ಸುಣ್ಣ ಉದುರಿತು.

ನೆಲದ ಕೆಳಗೆ ಗಣಿಯಲ್ಲಿ ಬಂಡೆ ಸಿಡಿದರೆ ಮೇಲೆ ಊರು ಹೀಗೆ ಒಂದು ಸಲ ಅಲುಗುತ್ತೆ. ಏರ್ ಬ್ಲಾಸ್ಟ್ ಅಂತೀವಿ. ನಮಗದು ಹುಟ್ಟಿದಾಗಿಂದ ಅಭ್ಯಾಸ. ದಫ್ತರಿ ಮೇಜಿನ ಅಂಚಲ್ಲಿದ್ದ ಟೀ ಲೋಟ ಎತ್ತಿ ಹಿಡಿದು, ಅಲುಗೋದು ನಿಂತ ಮೇಲೆ ವಾಪಸ್ಸು ಇಟ್ಟ. ನಾನು ಬರೀತಿದ್ದ ಸಾಲು ಸ್ವಲ್ಪ ಸೊಟ್ಟಗಾಯಿತು. ಎಂಜಿನಿಯರು ಮಾತ್ರ ಕಾಣಲಿಲ್ಲ.

ಹೊರಗೆ ಹೋಗಿ ನೋಡಿದರೆ ರಸ್ತೆಯ ಆಚೆ ಬದಿ ಹುಣಿಸೇ ಮರದ ಹಿಂದೆ ನಿಂತಿದ್ದರು. ಅಲ್ಲಿಂದಲೇ ಕೈ ಆಡಿಸ್ತಾ, "ಆನ್ ಮಾಡಿ, ಆನ್ ಮಾಡಿ, ನಾನು ಆರಿಸಲ್ಲ" ಅಂತಿದ್ದರು. ದಫ್ತರಿ ಆಗ ನಗಲಿಲ್ಲ. ಅವನ ತಮ್ಮ ಆ ಪಾಳಿಯಲ್ಲಿ ಗಣಿಯೊಳಗಿದ್ದ. ಮಧ್ಯಾಹ್ನ ಸೈಕಲ್ಲಿನಲ್ಲಿ ಹೋಗ್ತಿದ್ದ ಯಾರನ್ನೋ ನಿಲ್ಲಿಸಿ ಕೇಳಿ, ಯಾರಿಗೂ ಏನೂ ಆಗಿಲ್ಲ ಅಂತ ತಿಳಿದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಎಂಜಿನಿಯರು ಊರಿಗೆ ವಾಪಸ್ಸು ಹೋಗಿ ಆರು ಪುಟದ ವರದಿ ಕಳಿಸಿದರು. ಐದು ಪುಟದಲ್ಲಿ ಏನಿತ್ತೋ ನಮಗೆ ಅರ್ಥ ಆಗಲಿಲ್ಲ. ಆರನೇ ಪುಟದಲ್ಲಿ ಒಂದೇ ಸಾಲು. ಕಟ್ಟಡದ ಹಿತದೃಷ್ಟಿಯಿಂದ ಇಲ್ಲಿ ಮೇನ್ ಸ್ವಿಚ್ ಆರಿಸತಕ್ಕದ್ದಲ್ಲ.

೬. ಊದುಬತ್ತಿ

ಶಿವರಾತ್ರಿ ಕಳೆದು ಮತ್ತೆ ಸೆಕೆ ಶುರುವಾಯ್ತು. ಒಂದು ದಿನ ದಫ್ತರಿಯ ಮಾವ ಅಳಿಯನಿಗೆ ಊಟದ ಬುತ್ತಿ ಕೊಡೋಕೆ ಬಂದರು. ಗಣಿಯಿಂದ ನಿವೃತ್ತಿಯಾದ ಮುದುಕರು. ನೆಲದ ಕೆಳಗೆ ಒಂದೂವರೆ ಮೈಲಿ ಆಳದಲ್ಲಿ ಯಾವ ಬಾಗಿಲು ತೆಗೆದರೆ ಗಾಳಿ ಎಲ್ಲಿಗೆ ಹೋಗುತ್ತೆ, ಯಾವುದು ಮುಚ್ಚಿದರೆ ಎಲ್ಲಿ ಉಸಿರು ಕಟ್ಟುತ್ತೆ ಅಂತ ನೋಡಿಕೊಳ್ಳೋದೇ ಅವರ ಕೆಲಸವಾಗಿತ್ತು. ಬಾಗಿಲಲ್ಲಿ ಒಂದು ಹೆಜ್ಜೆ ಇಟ್ಟವರು ಮೂಗು ಮುದುರಿ ನಿಂತರು. ಫ್ಯಾನಿನ ಸ್ವಿಚ್ಚು ತಾವೇ ಆರಿಸಿ, ಜೇಬಿನಿಂದ ಊದುಬತ್ತಿ ತೆಗೆದು ಹಚ್ಚಿದರು.

ನಾನು ಕುರ್ಚಿಯಿಂದ ಹಾರಿ ಎದ್ದೆ. "ತಾತಾ, ಇದು ದಾಖಲೆ ಕೋಣೆ. ಬೆಂಕಿ ತರಬಾರದು."

"ಇರಮ್ಮ, ಒಂದ್ ನಿಮಿಷ" ಅಂದರು, ನಾನೇ ಅವರ ಕೈ ಕೆಳಗೆ ಕೆಲಸಕ್ಕಿರೋಳು ಅನ್ನೋ ಹಾಗೆ. ಊದುಬತ್ತಿಯ ಹೊಗೆ ನೆಟ್ಟಗೆ ಮೇಲೆ ಹೋಯಿತು. ಸೂರಿನ ಹತ್ತಿರ ಹೋಗಿ ಅಲ್ಲೇ ನಿಂತಿತು, ಎತ್ತಲೂ ಸರಿಯಲಿಲ್ಲ. ಮುದುಕರು ಊದುಬತ್ತಿಯನ್ನ ಹೊರಗೆ ಒಯ್ದು ನೆಲಕ್ಕೆ ಉಜ್ಜಿ ಆರಿಸಿ ಬಂದರು.

"ಕಾತ್ತು ಪೋಗಲ್ಲ" ಅಂದರು. ಗಾಳಿ ಹೋಗ್ತಿಲ್ಲ ಅಂತ. "ಬಿಸಿಗಾಳಿ ಮೇಲಕ್ಕೋಗುತ್ತೆ, ಆಚೆ ಹೋಗಕ್ಕೆ ದಾರಿ ಬೇಕು. ಕಟ್ಟಿದ ದೊರೆ ಪೆದ್ದ ಅಲ್ಲ, ಎಂಟು ಮೂಗು ಇಟ್ಟವ್ನೆ. ಬೆಳಕೂ ಅದ್ರಿಂದ್ಲೇ. ಹಿಂಗ್ ತುರುಕಿ ಫ್ಯಾನ್ ಹಾಕಿದ್ರೆ ಸುಡೋ ಗಾಳೀನೇ ಸುತ್ತಿ ಸುತ್ತಿ ಮೇಲೆ ಬೀಳೋದು. ಕಿಂಡಿ ತೆಗ್ದು ಜಾಲರಿ ಬಡೀರಿ, ಹಕ್ಕಿ ಬರಲ್ಲ. ದೂಳು ಬೀಸೋ ಹೊತ್ತಲ್ಲಿ ಆ ಕಡೇವು ಎರಡು ಮಾತ್ರ ಮುಚ್ಚಿ. ಫ್ಯಾನೂ ಬೇಡ, ಲೈಟೂ ಬೇಡ."

ಆರು ಪುಟದ ವರದಿಯಲ್ಲಿ ಇಲ್ಲದ್ದು ಒಂದು ಊದುಬತ್ತಿಯಲ್ಲಿ ಗೊತ್ತಾಯ್ತು. ಸಾಹೇಬರು ತಲೆ ಕೆರೆದುಕೊಂಡರು. ಮುದುಕರು ಮೇಲೆ ನೋಡ್ತಾನೇ ಕೇಳಿದರು, "ಯಾರು ಇಷ್ಟು ಬಿಗಿಯಾಗಿ ತುರುಕಿರೋ ಪುಣ್ಯಾತ್ಮ?"

ಅವತ್ತೂ ಸೋಮವಾರವೇ. ನಾವು ಮೂವರೂ ಬೆಂಚಿನ ಕಡೆ ನೋಡಿದೆವು. ಬೆಂಚಿನ ಮೇಲಿದ್ದವನು ಸೂರಿನ ಕಡೆ ನೋಡಿದ.

೭. ಎಂಟನೇ ಕಿಂಡಿ

ಜಾಲರಿ ಬಂದು ಕಿಂಡಿ ತೆಗೆಯೋ ಹೊತ್ತಿಗೆ ಮತ್ತೊಂದು ಏಪ್ರಿಲ್. ಅಷ್ಟರಲ್ಲಿ ರೈತನ ವಿಷಯ ಕೈಮೀರುತ್ತಿತ್ತು. ಪಂಪುಗಳಿಗೆ ಹಾಕೋ ಹೊಸ ಲೈನಿನ ಕಂಬ ಪಕ್ಕದ ಹೊಲದವರೆಗೂ ಬಂದು ನಿಂತಿತ್ತು. ತಿಂಗಳ ಕೊನೆಯೊಳಗೆ ಕಾಗದ ಕೊಟ್ಟರೆ ಸರಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಆಯಪ್ಪನ ಹೆಸರು ತೆಗೆದು ತಂತಿ ಮುಂದಿನವರಿಗೆ ಎಳೀತೀವಿ ಅಂದಿದ್ದರು. ಮತ್ತೆ ಯಾವಾಗಲೋ ಯಾರಿಗೆ ಗೊತ್ತು. ಒಂದು ವರ್ಷ ನಾನು ಹುಡುಕದ ರ‍್ಯಾಕಿಲ್ಲ. ಆಣೆ ಮಾಡಿ ಹೇಳ್ತೀನಿ, ಕಳ್ಳಾಟ ಆಡಿಲ್ಲ. ಸಿಗಲಿಲ್ಲ ಅಷ್ಟೇ. ಕೊನೆಗೆ ಸಾಹೇಬರು, "ಎಷ್ಟು ದಿನ ಅಲೆಸ್ತೀರಿ, ಇಲ್ಲ ಅಂತ ಬರೆದುಕೊಡಿ" ಅಂದರು. ಆ ಸೋಮವಾರ "ದಾಖಲೆ ಲಭ್ಯವಿಲ್ಲ" ಅಂತ ನಾನೇ ಬರೆದು, ಸಹಿಗೆ ಕಳಿಸೋಕೆ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಅದಕ್ಕೆ ಸಾಹೇಬರ ಸಹಿ ಬಿದ್ದರೆ ಆಯಪ್ಪನ ಪಂಪಿನ ಕಥೆ ಮುಗೀತು.

ಆಯಪ್ಪನಿಗೆ ಇದು ಗೊತ್ತಿಲ್ಲ. ಹಸು ಕರು ಹಾಕಿತ್ತು ಅಂತ ಹಿಡಿ ಇರೋ ಪಾತ್ರೆಯಲ್ಲಿ ಗಿಣ್ಣು ತಂದು ನನ್ನ ಮೇಜಿನ ಮೇಲಿಟ್ಟ, ಆ ಕಾಗದದ ಪಕ್ಕದಲ್ಲೇ. ಎತ್ತು ಹೇಗಿದೆ ಅಂತ ಕೇಳಿದೆ.

"ನಿಮ್ಗೆಲ್ಲ ಒಂದ್ ವಯ್ಸಿಗೆ ರಿಟೈರ್ ಐತಲ್ಲ ಮೇಡಮ್ನೋರೆ. ಅದೂ ಕೇಳ್ತದೆ, ನಂದ್ಯಾವಾಗ ಅಂತ. ಪಂಪ್ ಬಂದ್ಮ್ಯಾಲೆ ಕಣ್ಲಾ ಅಂತ ಏಳಿವ್ನಿ" ಅಂದು ಪಂಚೆ ಎತ್ತಿ ಕಟ್ಟಿದ. "ಏಣಿ ಎಲ್ಲೈತೆ? ನಾನ್ ತುರ್ಕಿದ್ದು ನಾನೇ ಕೀಳ್ತೀನಿ."

ಆ ಕಾಗದವನ್ನ ಮಗುಚಿ ಇಟ್ಟೆ. ನಾನು ತಲೆ ಬಗ್ಗಿಸಿ ಕೂತೆ.

ಮೊದಲ ಕಿಂಡಿಯ ಗೋಣಿ ಕಿತ್ತಾಗ ಒಂದು ಕೋಲು ಬಿಸಿಲು ಒಳಗೆ ಬಂತು. ಮೂರು ಕಿಂಡಿ ತೆಗೆಯೋ ಹೊತ್ತಿಗೆ ಸಾಹೇಬರು ತಾವೇ ಎದ್ದು ಲೈಟು ಆರಿಸಿದರು. ಐದಾಯಿತು, ಆರಾಯಿತು. ಬಿಸಿಗಾಳಿ ಮೇಲಿಂದ ಹೋಗಿದ್ದೂ ಕೆಳಗಿನ ಕಿಟಕಿಯಿಂದ ತಂಪು ಬಂದಿದ್ದೂ ಮೈಗೇ ತಿಳಿಯಿತು. ದಫ್ತರಿ ಯಾರೂ ಹೇಳದೆ ಹೋಗಿ ಫ್ಯಾನು ನಿಲ್ಲಿಸಿದ. ಅವನ ಜನ್ಮದಲ್ಲಿ ಅದೇ ಮೊದಲು.

ಎಂಟನೇದು ಮಾತ್ರ ಬರಲಿಲ್ಲ. ಆಯಪ್ಪ ಹೋದ ವರ್ಷ ಅಷ್ಟು ಗುದ್ದಿದ್ದನಲ್ಲ. ಎರಡು ಕೈಯಲ್ಲಿ ಹಿಡಿದು ಅಲುಗಿಸಿ ಅಲುಗಿಸಿ ಎಳೆದಾಗ ಕಟ್ಟು ಕೈ ಜಾರಿ ನೇರವಾಗಿ ನನ್ನ ಮೇಜಿನ ಮೇಲೆ ಧೊಪ್ಪಂತ ಬಿತ್ತು. ಗಿಣ್ಣಿನ ಪಾತ್ರೆ ಸ್ವಲ್ಪದರಲ್ಲಿ ಉಳಿಯಿತು. ದಾರ ಹರಿದು ರಟ್ಟು ಉದುರಿ ಹಾಳೆ ಬಿಚ್ಚಿಕೊಂಡವು. ಗೆದ್ದಲು ತಿಂದಿದ್ದು ಮೇಲಿನ ರಟ್ಟು ಮಾತ್ರ. ಒಳಗೆ ಹಾಳೆ ಹೊಸದರ ಹಾಗಿದ್ದವು. ಕಿಂಡಿಯಿಂದ ಬಿಸಿಲು ಸರಿಯಾಗಿ ಅದರ ಮೇಲೇ ಬೀಳ್ತಿತ್ತು, ಕನ್ನಡಕ ಇಲ್ಲದೆಯೂ ಓದಬಹುದಿತ್ತು.

ಬೂದಿಕೋಟೆ ಹೋಬಳಿ, ಬಾವಿಗಳ ರಿಜಿಸ್ಟರು.

ಮೂರನೇ ಹಾಳೆ ತಿರುಗಿಸಿದೆ. ಆಯಪ್ಪನ ಊರು, ಆಯಪ್ಪನ ಅಪ್ಪನ ಹೆಸರು, ಪಕ್ಕದಲ್ಲಿ ಒಂದು ಹೆಬ್ಬೆಟ್ಟು. ಮೆಲ್ಲಗೆ ಓದಿದೆ. ದಫ್ತರಿ ಗೋಡೆ ಕಡೆ ತಿರುಗಿಕೊಂಡ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅಂತ ಗಾದೆ ಕೇಳಿದ್ದೆ. ಕೂಸನ್ನ ಗೋಡೆಯೊಳಗೆ ತುರುಕಿ, ಅದರ ಅಪ್ಪನ ಕೈಯಲ್ಲೇ ತುರುಕಿಸಿ ಹುಡುಕಿದವಳು ನಾನೊಬ್ಬಳೇ ಇರಬೇಕು. ಆಯಪ್ಪ ಬೈಯಲಿ ಅಂತ ಕಾದೆ. ಬೈಯೋ ಹಕ್ಕಿತ್ತು. ಐವತ್ತು ಸೋಮವಾರ ಆ ಕಿಂಡಿಯ ಎದುರಿನ ಬೆಂಚಿನಲ್ಲೇ ಕೂತಿದ್ದ.

ಏಣಿ ಇಳಿದು ಬಂದ. ಕೈಯ ದೂಳು ಪಂಚೆಗೆ ಒರೆಸಿಕೊಂಡು, ಹಾಳೆಯ ಮೇಲೆ ಬಗ್ಗಿದ. ಓದೋಕೆ ಬರ್ತಿರಲಿಲ್ಲ, ಹೆಬ್ಬೆಟ್ಟು ಮಾತ್ರ ನೋಡಿದ. ತನ್ನ ಹೆಬ್ಬೆರಳು ಅದರ ಪಕ್ಕ ಇಟ್ಟು ಅಳತೆ ನೋಡಿದ.

"ನಮ್ಮಪ್ಪಂದು ನನ್ನದ್ಕಿಂತ ದಪ್ಪ" ಅಂದ. ಅಷ್ಟೇ.

ನಾನು "ಲಭ್ಯವಿಲ್ಲ" ಅಂತ ಬರೆದಿದ್ದ ಕಾಗದವನ್ನ ನಾಲ್ಕು ಚೂರು ಮಾಡಿದೆ. ಅಲ್ಲೇ ಕೂತು ನಕಲು ಬರೆದೆ. ದಫ್ತರಿ ಅರ್ಜಿ, ನಂಬರು, ಸರದಿ ಒಂದೂ ಕೇಳದೆ ಮುದ್ರೆ ಒತ್ತಿದ. ಸಾಹೇಬರು ಕಿಂಡಿಯ ಬೆಳಕಿನಲ್ಲಿ ಸಹಿ ಹಾಕಿದರು. ಇಡೀ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು, ಒಂದು ದೀಪವೂ ಉರಿಯಲಿಲ್ಲ.

ಕಾಗದ ಆಯಪ್ಪನ ಕೈಗೆ ಕೊಡುವಾಗ ನನ್ನ ಕಣ್ಣಲ್ಲಿ ನೀರಿತ್ತು. "ತಪ್ಪಾಯ್ತಪ್ಪ. ಆ ಕಟ್ಟು ಕೊಟ್ಟವಳು ನಾನೇ. ಒಂದು ವರ್ಷ ನಿನ್ನನ್ನ ಸುಮ್ಮಸುಮ್ಮನೆ ಅಲೆಸಿಬಿಟ್ಟೆ" ಅಂದೆ.

ಆಯಪ್ಪ ಕಾಗದ ಮಡಿಸಿ ಜೇಬಿನೊಳಗೆ ಇಟ್ಟುಕೊಂಡ. ನಮ್ಮ ಬೀರುಗಳನ್ನ ಒಂದು ಸಲ ನೋಡಿದ, ರ‍್ಯಾಕುಗಳನ್ನ ನೋಡಿದ, ಆಮೇಲೆ ಎಂಟನೇ ಕಿಂಡಿ ನೋಡಿದ.

"ಅಳ್ಬ್ಯಾಡಿ ಬುಡಿ ಮೇಡಮ್ನೋರೆ. ನಾನ್ ಎತ್ತಿಟ್ಟಿದ್ದಕ್ಕೆ ಉಳ್ಕಂತು. ನಿಮ್ ಬೀರ್ನಾಗೇ ಇದ್ದಿದ್ರೆ ಯಾವತ್ತೋ ಕಳ್ದೋಗಿರೋದು."